ಹೆಂಡತಿಗೆ ಕೊಟ್ಟ ಮಾತು, ಬಾಟಲಿಯ ಬಸವನಹುಳು

‘ಅವರು ನಿಮಗೆ ಏನಾಗಬೇಕು?’ ಅಂತ ಕೇಳಿದರೆ ನಾವು ಅತ್ತೆ, ಭಾವ, ಗೆಳೆಯ ಅನ್ನುತ್ತೇವೆ. ಖಾಸಗಿ ಕಾನೂನು, ಅಂದರೆ ಜನರ ನಡುವಿನ ಕರಾರು, ಹಾನಿ ಮುಂತಾದವುಗಳ ಕಾನೂನು, ಕೇಳುವುದೂ ಇದೇ ಪ್ರಶ್ನೆ. ಆದರೆ ಅದರ ಅರ್ಥ ಬೇರೆ: ಅವರಿಂದ ನಿಮಗೆ ಏನು ಬರಬೇಕು?

1916ರಲ್ಲಿ ಬಾಲ್ಫರ್ ಎಂಬ ಎಂಜಿನಿಯರ್ ಸಿಲೋನಿಗೆ ಹೊರಟ. ಕಾಯಿಲೆಯ ಹೆಂಡತಿ ಇಂಗ್ಲೆಂಡಿನಲ್ಲೇ ಉಳಿದಳು. ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆ ಅಂದ. ಆಮೇಲೆ ಸಂಬಂಧ ಹಳಸಿತು, ಆಕೆ ಕೋರ್ಟಿಗೆ ಹೋದಳು. 1919ರಲ್ಲಿ ಮೇಲಿನ ಕೋರ್ಟು ಕೈ ಚೆಲ್ಲಿತು. ಗಂಡ ಹೆಂಡಿರ ಮಾತೆಲ್ಲ ಕರಾರು ಆಗಲ್ಲವಂತೆ. ಅವೆಲ್ಲ ಕರಾರಾದರೆ ಸಣ್ಣ ಕೋರ್ಟುಗಳನ್ನು ನೂರು ಪಟ್ಟು ಹೆಚ್ಚಿಸಬೇಕಾಗುತ್ತದೆ ಎಂದರು ನ್ಯಾಯಮೂರ್ತಿ ಆಟ್ಕಿನ್. ಗಂಡಂದಿರ ಬಗ್ಗೆ ಅವರಿಗೆ ಎಷ್ಟು ನಿಖರ ಅಂದಾಜು ಇತ್ತು ನೋಡಿ! ಈ ತಣ್ಣನೆಯ ಕೋರ್ಟುಗಳಲ್ಲಿ ಪ್ರೀತಿಗೆ ಅಷ್ಟೇನೂ ಬೆಲೆಯಿಲ್ಲ ಅಂತಲೂ ಸೇರಿಸಿದರು.

ಇತ್ತ ನಾವು ಫೋನಿನಲ್ಲಿ ಉದ್ದನೆಯ ಷರತ್ತುಗಳನ್ನು ಓದದೆ ‘ಒಪ್ಪಿದ್ದೇನೆ’ ಒತ್ತುತ್ತೇವೆ. ಅದು ಮಾತ್ರ ಸಾಮಾನ್ಯವಾಗಿ ಪಕ್ಕಾ ಕರಾರು. ಎರಡು ಮನಸ್ಸುಗಳು ಕೂಡಿದವು ಅಂತ ಸಿದ್ಧಾಂತ ಹೇಳುತ್ತದೆ. ನಮ್ಮದೊಂದು ಮನಸ್ಸು, ಸರ್ವರಿನದೊಂದು.

ಈಗ ಸ್ಕಾಟ್ಲೆಂಡಿನ ಪೈಸ್ಲಿಗೆ ಬನ್ನಿ. 1928ರಲ್ಲಿ ಡೊನೊಹ್ಯೂ ಎಂಬಾಕೆ ಕೆಫೆಯಲ್ಲಿ ಶುಂಠಿ ಪಾನೀಯ ಕುಡಿದಳು. ಬಗ್ಗಿಸಿದರೆ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತಂತೆ. ಪಾನೀಯ ತಯಾರಿಸಿದವನಿಗೂ ಆಕೆಗೂ ಕರಾರಿಲ್ಲ, ಪರಿಚಯವಿಲ್ಲ, ಮುಖ ನೋಡಿಲ್ಲ. ಆದರೂ ಆಕೆಯ ಬಗ್ಗೆ ತಯಾರಕ ಎಚ್ಚರ ವಹಿಸಬೇಕಿತ್ತೇ ಎಂಬ ಪ್ರಶ್ನೆಯಲ್ಲಿ 1932ರಲ್ಲಿ ಆಕೆಯೇ ಗೆದ್ದಳು, ಮೂವರು ನ್ಯಾಯಮೂರ್ತಿಗಳ ಬೆಂಬಲ, ಇಬ್ಬರ ವಿರೋಧ. ನೆರೆಯವನನ್ನು ಪ್ರೀತಿಸು ಎಂಬುದು ಕಾನೂನಿನಲ್ಲಿ ‘ನೆರೆಯವನಿಗೆ ಹಾನಿ ಮಾಡಬೇಡ’ ಎಂದಾಗುತ್ತದೆ. ತಯಾರಕನಿಗೆ ಆಕೆ ನೆರೆಯವಳು! ಹೀಗೆ ಬರೆದವರು ಯಾರು ಅಂದುಕೊಂಡಿರಿ? ಅದೇ ಆಟ್ಕಿನ್.

ಹದಿಮೂರು ವರ್ಷಗಳಲ್ಲಿ ಲೆಕ್ಕ ಹೀಗಾಯಿತು: ಮನೆಯೊಳಗೆ ಮಾತು ಕೊಟ್ಟವನು ಯಾರೋ ಏನೋ, ಎಲ್ಲೋ ಬಾಟಲಿ ತುಂಬಿದವನು ಪಕ್ಕದ ಮನೆಯವನು. ಇದನ್ನು ಟೊರೊಂಟೊದ ಪ್ರಾಧ್ಯಾಪಕ ಅರ್ನೆಸ್ಟ್ ವೀನ್‌ರಿಬ್ ಹತ್ತಿರ ಒಯ್ದರೆ ಇನ್ನೂ ಮಜಾ. ಖಾಸಗಿ ಕಾನೂನಿಗೆ ಹೊರಗಿನ ಉದ್ದೇಶವೇ ಇಲ್ಲ, ಖಾಸಗಿ ಕಾನೂನಾಗಿರುವುದೇ ಅದರ ಉದ್ದೇಶ, ಥೇಟ್ ಪ್ರೀತಿಯ ಹಾಗೆ ಎಂದು ಅವರು 1995ರಲ್ಲಿ ಬರೆದರು. ಆಟ್ಕಿನ್ ಬೆಲೆಯಿಲ್ಲ ಅಂದಿದ್ದರಲ್ಲ, ಅದೇ ಪ್ರೀತಿ.

ಅಂದಹಾಗೆ, ಆ ಹುಳು ನಿಜಕ್ಕೂ ಬಾಟಲಿಯಲ್ಲಿತ್ತಾ? ಸಾಬೀತಾಗಲೇ ಇಲ್ಲ, ಅಷ್ಟರಲ್ಲಿ ರಾಜಿಯಾಯಿತು. ಕಾಸು ಕೊಟ್ಟು ಪಾನೀಯ ಕೊಡಿಸಿದ್ದು ಆಕೆಯ ಸ್ನೇಹಿತರೊಬ್ಬರು. ತೀರ್ಪಿನಲ್ಲಿ ಅವರ ಹೆಸರೇ ಇಲ್ಲ. ಬಸವನಹುಳುವಿಗೆ ಮಾತ್ರ ಧಾರಾಳ ಜಾಗ ಸಿಕ್ಕಿದೆ.