ಉಚಿತ ನಿಲುಗಡೆಯ ಖರ್ಚು ಯಾರ ತಲೆಗೆ?

ಬಳ್ಳಾರಿಯ ಬೆಂಗಳೂರು ರಸ್ತೆಯ ಆಸುಪಾಸಿನಲ್ಲಿ ಪಾಲಿಕೆಯೇ ಬಹುಮಹಡಿ ಕಟ್ಟಡ ಕಟ್ಟಿ, ಕಾರು ನಿಲುಗಡೆಯನ್ನು ಉಚಿತವಾಗಿ ಒದಗಿಸಬೇಕೆಂದು ಲೇಖನವೊಂದರಲ್ಲಿ ಬಂದ ಸಲಹೆಯಲ್ಲಿ ವ್ಯಾಪಾರಸ್ಥರ ಕಷ್ಟದ ಅರಿವಿದೆ. ಖರ್ಚಿನ ಲೆಕ್ಕ ಮಾತ್ರ ಇಲ್ಲ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಸಾಕೆನಿಸಿದರೂ, ಅದು ಒಳಬಂದು, ತಿರುಗಿ, ಹೊರಹೋಗುವ ದಾರಿಯನ್ನೂ ಸೇರಿಸಿದರೆ ಬಯಲಿನಲ್ಲಿ ಸುಮಾರು 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಬೇಕೆಂಬುದು ನಗರ ಯೋಜಕರು ಸಾಮಾನ್ಯವಾಗಿ ಬಳಸುವ ಲೆಕ್ಕ. ಅಂದರೆ 20×30 ಅಡಿಯ (ಸುಮಾರು 56 ಚದರ ಮೀಟರ್) ಒಂದು ಬಯಲು ನಿವೇಶನದಲ್ಲಿ ಹಿಡಿಸುವುದು ಎರಡೇ ಕಾರು.

ಕಟ್ಟಿ ಮುಗಿಸಿದ ಮೇಲೂ ದೀಪ, ಲಿಫ್ಟ್, ಕಾವಲುಗಾರರ ಸಂಬಳ, ಮಳೆನೀರು ಎತ್ತುವ ಪಂಪು, ನಮ್ಮೂರಿನ ಧೂಳು ಗುಡಿಸುವ ಕೂಲಿ ಇವೆಲ್ಲ ಪ್ರತಿ ತಿಂಗಳೂ ಬರುವ ಖರ್ಚುಗಳು. ಶುಲ್ಕವಿಲ್ಲದಿದ್ದರೆ ಇದನ್ನು ಭರಿಸುವವರು ಕಾರೇ ಇಲ್ಲದ, ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುವ ತೆರಿಗೆದಾರರು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ನಿಲುಗಡೆ ಶುಲ್ಕವು ಆ ನೆಲದ ನಿಜವಾದ ಬೆಲೆಗೆ ತಕ್ಕಂತಿರಬೇಕೆಂದೇ ಹೇಳುತ್ತದೆ.

ಇನ್ನೊಂದು ಮಾತು. ಅಂಗಡಿಗಳ ಮುಂದೆ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ನಿಂತು ರಾತ್ರಿಯವರೆಗೆ ಕದಲದ ಕಾರುಗಳಲ್ಲಿ ಎಷ್ಟೋ ಅಂಗಡಿಯವರವೇ (ಗಿರಾಕಿಗೆ ಜಾಗವಿಲ್ಲವೆಂದು ದೂರುವವರೂ ಅವರೇ). ಆದ್ದರಿಂದ ಕೋಟಿಗಟ್ಟಲೆ ಸುರಿಯುವ ಮೊದಲು, ಮೊದಲ ಅರ್ಧ ಗಂಟೆಗೆ ಕಡಿಮೆ ದರ, ಆಮೇಲೆ ಗಂಟೆಗಂಟೆಗೂ ಏರುವ ದರ ನಿಗದಿಪಡಿಸಿ, ಬಂದ ಹಣವನ್ನು ಅದೇ ರಸ್ತೆಯ ಪಾದಚಾರಿ ಮಾರ್ಗಕ್ಕೆ ವಿನಿಯೋಗಿಸಿ ನೋಡಲಿ.