ಕ್ರೈಸ್ತರು ಚುನಾವಣೆಗೆ ನಿಲ್ಲಬಾರದು ಎಂಬ ಮೆಸೇಜ್ ಸರಿಯಲ್ಲ

ಕೆಜಿಎಫ್, ಬಂಗಾರಪೇಟೆ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಚರ್ಚಿಗೆ ಹೋಗುವವರು ಚುನಾವಣೆಗೆ ನಿಲ್ಲುವಂತಿಲ್ಲ, ಫಾದರ್‌ಗಳು ಬಡವರ ಕೂಲಿಯ ವಿಷಯ ಎತ್ತಿದರೂ ಅಪರಾಧ ಎಂದು ಅದರಲ್ಲಿದೆ. ಎರಡೂ ತಪ್ಪು.

ಗೊಂದಲ ಹುಟ್ಟಿದ್ದು ಬಹುಶಃ ಮೀಸಲು ಕ್ಷೇತ್ರಗಳಿಂದ. ಕೋಲಾರ ಲೋಕಸಭೆ, ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ವಿಧಾನಸಭೆ ಎಲ್ಲವೂ ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಎಂಬ ಮಾನ್ಯತೆ ಬಹುತೇಕ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಿಲ್ಲ. ಹಾಗಾಗಿ ದಲಿತ ಕ್ರೈಸ್ತರು ಈ ಕ್ಷೇತ್ರಗಳಲ್ಲಿ ನಿಲ್ಲಲು ಆಗುವುದಿಲ್ಲ. ಇದು ಅನ್ಯಾಯ ಅಂತಲೇ ನನಗನಿಸುತ್ತದೆ. ಆದರೆ ಮಾಲೂರು, ಶ್ರೀನಿವಾಸಪುರದಂಥ ಸಾಮಾನ್ಯ ಕ್ಷೇತ್ರಗಳಲ್ಲಿ ಧರ್ಮ ಅಡ್ಡಿಯೇ ಅಲ್ಲ. ಕೆಜಿಎಫ್‌ನ ಮತದಾರರೂ ಅಲ್ಲಿ ನಿಲ್ಲಬಹುದು.

ಇನ್ನು ಫಾದರ್‌ಗಳ ವಿಷಯ. ಧರ್ಮದ ಹೆಸರಲ್ಲಿ ಮತ ಕೇಳುವುದನ್ನು 1951ರ ಜನಪ್ರಾತಿನಿಧ್ಯ ಕಾಯ್ದೆ ತಡೆಯುತ್ತದೆ. ಗುಡಿ, ಮಸೀದಿ, ಚರ್ಚಿನ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಅನ್ನುತ್ತದೆ 1988ರ ಕಾಯ್ದೆ. ಈ ನಿಯಮ ಎಲ್ಲ ಧರ್ಮಕ್ಕೂ ಒಂದೇ, ಅಲ್ವಾ? ಕೂಲಿ, ನೀರು, ಮನೆ ಜಾಗಕ್ಕಾಗಿ ದನಿ ಎತ್ತುವುದು ಅಪರಾಧವಲ್ಲ, ಅದು ಪ್ರತಿ ನಾಗರಿಕರ ಹಕ್ಕು. ಮಂಗಳೂರಿನ ಫಾದರ್ ಜೆರೋಮ್ ಡಿಸೋಜ ಅವರು ಸಂವಿಧಾನ ಸಭೆಯ ಸದಸ್ಯರೇ ಆಗಿದ್ದರು.

ಆ ಮೆಸೇಜನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.