ಲಕ್ಯಾದಲ್ಲಿ ಇರುವುದು ಕೆರೆಯಲ್ಲ

ಕುದುರೆಮುಖದಲ್ಲಿ ಗಣಿ ನಿಂತು ಇಷ್ಟು ವರ್ಷವಾಯ್ತು, ಇನ್ನಾದರೂ ಪ್ರವಾಸಿಗರಿಗೆ ಪೂರ್ತಿ ತೆರೀರಿ ಅನ್ನುವ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಎಲ್ಲಿ ತೆರೆಯಬೇಕು ಅನ್ನುವುದರಲ್ಲಿ.

ಅಲ್ಲಿನ ಅದಿರು ಅಗೆದು ಲಾರಿಗೆ ತುಂಬಿ ಮಾರುವಂಥದ್ದಲ್ಲ, ಕಬ್ಬಿಣದಂಶ ಕಡಿಮೆ. ಕಲ್ಲನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣ ಎಳೆದುಕೊಂಡು, ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರು ಬಂದರಿನ ಪಣಂಬೂರಿಗೆ ಇಳಿಸುತ್ತಿದ್ದರು. ಇರಾನಿನ ದೊರೆ ಶಾ ಅದಿರು ಕೊಳ್ಳುತ್ತಾನೆಂದು 1976ರಲ್ಲಿ ಶುರುವಾದ ಕಂಪನಿ ಅದು. 1979ರ ಕ್ರಾಂತಿಯಲ್ಲಿ ಶಾ ಹೋದ, ಗಣಿ ಉಳಿಯಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ನಿಂತಿತು.

ನಿಂತದ್ದು ಅಗೆತ ಮಾತ್ರ. ಕಬ್ಬಿಣ ತೆಗೆದ ಮೇಲೆ ಉಳಿದ ಪುಡಿಯೆಲ್ಲ ಅಲ್ಲಿನ ಲಕ್ಯಾ ಅಣೆಕಟ್ಟಿನ ಹಿಂದೆ ಹೂಳಾಗಿ ಕೂತಿದೆ. ಮೇಲೆ ನೀರು ಕಾಣುವುದರಿಂದ ದೋಣಿ ಬಿಡೋಣ ಅನ್ನಿಸುವುದು ಸಹಜ. ಇಂಥ ಹೂಳು ಅಂಚಿನಲ್ಲಿ ಒಣಗಿ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಕಾಲಿಟ್ಟರೆ ಹೆಪ್ಪು ಒಡೆದು ಮೊಣಕಾಲಿನವರೆಗೂ ಇಳಿಯಬಹುದು, ಎಳೆದಷ್ಟೂ ಬಿಗಿಯುತ್ತದೆ. ಗಣಿ ಮುಚ್ಚಿದರೂ ಕಾವಲು ಮುಚ್ಚುವಂತಿಲ್ಲ. ಜೂನ್‌ಗೆ ಮೊದಲು ಕೋಡಿಯಲ್ಲಿ ಬಿದ್ದ ಮರ, ಕಸ ತೆಗೆಯಬೇಕು. ಕಟ್ಟೆಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಸರಿ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಅರ್ಥ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರಲ್ಲಿ ಕುಸಿದು 270 ಜನರನ್ನು ಬಲಿ ತೆಗೆದುಕೊಂಡದ್ದು ಆಗಲೇ ಬಳಕೆ ನಿಲ್ಲಿಸಿದ್ದ ಹೂಳಿನ ಕಟ್ಟೆ. (ಅದನ್ನು ಹೂಳಿನ ಮೇಲೆಯೇ ಏರಿಸುತ್ತಾ ಹೋಗಿದ್ದರು, ಲಕ್ಯಾ ಹಾಗಲ್ಲ. ಆದರೂ.)

ಇನ್ನು ಚಾರಣ. ಶೋಲಾ (ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ಕಾಡು) ಅಂಚಿನ ಹುಲ್ಲುಗುಡ್ಡ ಗಟ್ಟಿಯಾಗಿ ಕಂಡರೂ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ತುಳಿತಕ್ಕೆ ಹುಲ್ಲಿನ ಬುಡ ಸತ್ತರೆ ಮೊದಲ ಮಳೆಗೇ ದಾರಿ ಕಾಲುವೆಯಾಗುತ್ತದೆ. ಕಾಲುವೆಯಲ್ಲಿ ಜಾರುತ್ತದೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಮರುವರ್ಷ ಅಲ್ಲೊಂದು ಕಾಲುವೆ. ಹೀಗೆ ಒಂದಡಿಯ ಕಾಲುದಾರಿ ಗುಡ್ಡದ ಗಾಯವಾಗುತ್ತದೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರೆ ಸಾಲದು. ಜೋರು ಮಳೆಯ ದಿನ ಹೋಗುವ ಐವತ್ತು ಜನ, ಒಣದಿನದ ಮುನ್ನೂರು ಜನಕ್ಕಿಂತ ಹೆಚ್ಚು ಹಾಳು ಮಾಡಬಲ್ಲರು. ದಾರಿ ನೂರು ಮೀಟರಿಗೆ ಹತ್ತು ಮೀಟರಿಗಿಂತ ಹೆಚ್ಚು ಏರಬಾರದು. ಏರು ಹೆಚ್ಚಿದ್ದಲ್ಲಿ ನೀರು ಹೊರಳಿಸುವ ಕಲ್ಲಿನ ಸಾಲು ಬೇಕು, ಅದೂ ಸುಮಾರು 45 ಡಿಗ್ರಿ ಓರೆಯಾಗಿ. ನೇರ ಅಡ್ಡ ಹಾಕಿದರೆ ಹಿಂದೆ ಮಣ್ಣು ತುಂಬಿಕೊಂಡು ಮುಂದಿನ ಮಳೆಗೆ ನೀರು ಅದರ ಮೇಲೇ ಹಾಯುತ್ತದೆ.

ಹಾಗಾದರೆ ಜನ ಎಲ್ಲಿಗೆ ಹೋಗಬೇಕು? ಈಗಾಗಲೇ ಕೆಟ್ಟಿರುವ ಜಾಗಕ್ಕೆ. ಗಣಿ ಕಂಪನಿಯ ಟೌನ್‌ಶಿಪ್ ಇದೆ, ಕಟ್ಟಡಗಳಿವೆ, ರಸ್ತೆ ಇದೆ. ವಸತಿ, ವಾಹನ ನಿಲುಗಡೆ, ಗಣಿಯ ಕತೆ ಹೇಳುವ ಒಂದು ಸಂಗ್ರಹಾಲಯ ಎಲ್ಲವೂ ಅಲ್ಲೇ ಆಗಲಿ. ಹುಲ್ಲುಗಾವಲಿನಲ್ಲಿ ಹೊಸದಾಗಿ ಒಂದು ಟೆಂಟ್ ಗೂಟವೂ ಬೇಡ. ಇರುವ ದಾರಿಗಳ ಅಗಲವನ್ನು ಗುರುತು ಹಾಕಿದ ಜಾಗಗಳಲ್ಲಿ ಮೇ ಮತ್ತು ಅಕ್ಟೋಬರ್‌ನಲ್ಲಿ ಟೇಪ್ ಹಿಡಿದು ಅಳೆಯಲಿ. ಹಿಗ್ಗಿದ ದಾರಿಗೆ ಆ ವರ್ಷ ಬೀಗ.